ಸೇವೆಯೂ ಒಂದು ವಿದ್ಯೆ

ಸಮಾಜಸೇವೆಯೆಂಬ ಮಾತಿಗೆ ನಮ್ಮಲ್ಲಿ ಬಹಳ ಮರ್ಯಾದೆಯುಂಟು. ಶಾಲೆಯ ವಾರ್ಷಿಕೋತ್ಸವದಲ್ಲಿ ಅಧ್ಯಕ್ಷರಾದವರು ಅದನ್ನು ಕೊಂಡಾಡುತ್ತಾರೆ. ಆದಿತ್ಯವಾರದ ಆರಾಧನೆಯಲ್ಲಿ ಬೋಧಕರು ಅದನ್ನು ಕುರಿತು ಪ್ರಸಂಗಿಸುತ್ತಾರೆ. ಮಹಿಳಾ ಸಂಘಗಳ ವರದಿಗಳಲ್ಲಿ ಅದಕ್ಕೆ ಒಂದು ಪುಟವಾದರೂ ಮೀಸಲಾಗಿರುತ್ತದೆ. ಆದರೆ ಹೈಸ್ಕೂಲು ಮುಗಿಸಿದ ಹುಡುಗಿಯೊಬ್ಬಳು, "ನಾನು ಇದನ್ನೇ ಓದಿ, ಇದನ್ನೇ ನನ್ನ ಉದ್ಯೋಗವನ್ನಾಗಿ ಮಾಡಿಕೊಳ್ಳುತ್ತೇನೆ" ಎಂದು ಹೇಳಿದರೆ ಅದೇ ಹಿರಿಯರು ಕೊಂಚ ಹೊತ್ತು ಸುಮ್ಮನಾಗುತ್ತಾರೆ. ಅನಂತರ ಪ್ರಶ್ನೆಗಳು ಬರುತ್ತವೆ. ದಾದಿಯರಿಗೆ ತರಬೇತು ಬೇಕು, ಉಪಾಧ್ಯಾಯಿನಿಯರಿಗೂ ಬೇಕು. ಬಡವರಿಗೆ ಉಪಕಾರ ಮಾಡುವುದಕ್ಕೆ ಕಾಲೇಜು ಯಾಕೆ? ಒಳ್ಳೆಯ ಮನಸ್ಸಿದ್ದರೆ ಸಾಲದೇ? ಅದರಿಂದ ಹೊಟ್ಟೆ ತುಂಬೀತೇ?

ಈ ಮೂರು ಪ್ರಶ್ನೆಗಳೂ ನ್ಯಾಯವಾದವುಗಳೇ. ಸಮಾಜಕಾರ್ಯದ ಎರಡು ವರುಷಗಳ ಸ್ನಾತಕೋತ್ತರ ಅಭ್ಯಾಸವನ್ನು ಮಂಗಳೂರಿನಲ್ಲಿ ಈಚೆಗೆ ಮುಗಿಸಿದವಳಾದ ಕಾರಣ, ಅವುಗಳಿಗೆ ನನ್ನ ಅನುಭವಕ್ಕೆ ಬಂದ ಮಟ್ಟಿಗೆ ಉತ್ತರ ಕೊಡಲು ಈ ಸಂಚಿಕೆಯಲ್ಲಿ ಅವಕಾಶ ದೊರೆತುದಕ್ಕಾಗಿ ಸಂತೋಷಪಡುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆನು. ಒಳ್ಳೆಯ ಮನಸ್ಸು ಬೇಕೇ ಬೇಕು; ಅದೊಂದೇ ಸಾಲದು. ಸೇವೆಯು ಕಲಿತು ಮಾಡತಕ್ಕ ವಿದ್ಯೆಯಾಗಿರುತ್ತದೆ. ಆ ವಿದ್ಯೆಯ ಅರ್ಧಾಂಶವು ಪುಸ್ತಕದಲ್ಲಿದ್ದರೆ ಉಳಿದ ಅರ್ಧಾಂಶವು ಕ್ಷೇತ್ರಕಾರ್ಯದಲ್ಲಿರುವುದು. ಈಗ ಜನರು ಇಂಟರ್ನ್‌ಶಿಪ್ ಎಂದು ಕರೆಯುವುದು ಅದನ್ನೇ. ಈ ಎರಡನೆಯ ಅರ್ಧವನ್ನು ನಮ್ಮ ಸಂಸ್ಥೆಗಳು ಈಗ ನಡಿಸುತ್ತಿರುವುದಕ್ಕಿಂತ ಹೆಚ್ಚು ಜಾಗ್ರತೆಯಿಂದ ನಡಿಸಬೇಕು.

ಸಮಾರ್ಯದವನ ದೃಷ್ಟಾಂತವನ್ನು ನಾವೆಲ್ಲರೂ ಎಳೆಯ ವಯಸ್ಸಿನಿಂದ ಕೇಳಿದವರೇ. ಅದನ್ನು ಬರಿಯ ಕರುಣೆಯ ಕಥೆಯೆಂದು ಹೇಳಿ ಬಿಟ್ಟುಬಿಡುವ ವಾಡಿಕೆಯುಂಟು. ಆದರೆ ಆತನು ಏನೇನು ಮಾಡಿದನೆಂಬದನ್ನು ಒಂದೊಂದಾಗಿ ಎಣಿಸಿ ನೋಡಿರಿ. ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹಾಕಿ ಕಟ್ಟಿದನು. ಗಾಯಕ್ಕೆ ಯಾವುದು ತಕ್ಕದ್ದೆಂದು ಆತನಿಗೆ ತಿಳಿದಿತ್ತು. ತನ್ನ ವಾಹನದ ಮೇಲೆ ಏರಿಸಿಕೊಂಡು ಛತ್ರಕ್ಕೆ ಕೊಂಡುಹೋದನು; ತಾನೊಬ್ಬನೇ ಎಲ್ಲವನ್ನೂ ಮಾಡಬೇಕೆಂದು ಹಟಮಾಡದೆ, ನೋಡಿಕೊಳ್ಳತಕ್ಕವನ ಕೈಗೆ ಒಪ್ಪಿಸಿದನು. ಖರ್ಚಿಗೆ ಎರಡು ನಾಣ್ಯ ಕೊಟ್ಟನು; ಹೆಚ್ಚು ತಗಲಿದರೆ ತಿರಿಗಿ ಬರುವಾಗ ಸಲ್ಲಿಸುವೆನೆಂದು ಮಾತುಕೊಟ್ಟನು. ನಾವು ಎರಡು ವರುಷ ಕಲಿತದ್ದೂ ಇಷ್ಟೇ: ಅವಸ್ಥೆಯನ್ನು ಗುರುತಿಸುವುದು, ತಕ್ಕ ಸಂಸ್ಥೆಯೊಂದಿಗೆ ಸಂಬಂಧ ಕಲ್ಪಿಸುವುದು, ಖರ್ಚಿನ ಲೆಕ್ಕ ಇಡುವುದು, ಮತ್ತು ತಿರಿಗಿ ಬಂದು ನೋಡುವುದು. ಈ ಕಡೆಯದನ್ನೇ ಉಪಕಾರಿಗಳಲ್ಲಿ ಹೆಚ್ಚಿನವರು ಮರೆಯುತ್ತಾರೆ.

ಈ ವಿದ್ಯೆ ನಮ್ಮ ದೇಶದಲ್ಲಿ ಬೇರೂರಿದ ಬಗೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೇದು. ಯಾಕಂದರೆ ಇಂಥ ಶಾಲೆಗಳಿಗೂ ಅದಕ್ಕೂ ಹತ್ತಿರದ ಸಂಬಂಧವುಂಟು. 1936ನೆಯ ಇಸವಿಯಲ್ಲಿ ಮುಂಬಯಿಯಲ್ಲಿ ಸರ್ ದೋರಾಬ್ಜಿ ಟಾಟಾರವರ ಹೆಸರಿನಲ್ಲಿ ಸಮಾಜಕಾರ್ಯದ ವಿದ್ಯಾಲಯವು ಸ್ಥಾಪಿತವಾಯಿತು. ಭಾರತದಲ್ಲಿ ಈ ಬಗೆಯ ವಿದ್ಯಾಲಯಗಳಲ್ಲಿ ಅದೇ ಮೊದಲನೆಯದು. ಅದರ ಮೊದಲನೆಯ ನಿರ್ದೇಶಕರಾದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬವರು ಅಮೇರಿಕದಿಂದ ಬಂದ ಮಿಶನೆರಿಗಳು. ಅದಕ್ಕೆ ಮುಂಚೆ ಅವರು ಮುಂಬಯಿಯ ನಾಗಪಾಡಾ ಎಂಬ ಕಿಕ್ಕಿರಿದ ಬಡಾವಣೆಯಲ್ಲಿ ನೆರೆಹೊರೆಯವರಿಗಾಗಿ ಒಂದು ಸೇವಾಗೃಹವನ್ನು ನಡಿಸುತ್ತಿದ್ದರು. 1944ರಲ್ಲಿ ಆ ವಿದ್ಯಾಲಯಕ್ಕೆ ಟಾಟಾ ಸಮಾಜವಿಜ್ಞಾನ ಸಂಸ್ಥೆಯೆಂಬ ಹೆಸರಾಯಿತು. ವೈ. ಡಬ್ಲ್ಯು. ಸಿ. ಎ. ಎಂದು ನಾವೆಲ್ಲರೂ ಬಲ್ಲ ಯುವತಿಯರ ಕ್ರೈಸ್ತ ಸಂಘವು 1946ರಲ್ಲಿ ಲಕ್ನೋದಲ್ಲಿ ಇಂಥದೇ ಶಾಲೆಯನ್ನು ತೆರೆಯಿತು. ಮರುವರುಷ ದಿಲ್ಲಿಗೆ ಬಂದು ನೆಲೆಸಿದ ಆ ಶಾಲೆಯು ಈಗ ಅಲ್ಲಿಯ ವಿಶ್ವವಿದ್ಯಾನಿಲಯದ ಸಮಾಜಕಾರ್ಯ ವಿಭಾಗವಾಗಿದೆ. ಮಂಗಳೂರಿನಲ್ಲಿ 1960ರಲ್ಲಿ ಡಾಟರ್ಸ್ ಆಫ್ ದಿ ಹಾರ್ಟ್ ಆಫ್ ಮೇರಿ ಎಂಬ ಸಂಸ್ಥೆಯ ಸೋದರಿಯರು ರೋಶನಿ ನಿಲಯವನ್ನು ಸ್ಥಾಪಿಸಿದರು. ಹೀಗೆ ಈ ವಿದ್ಯೆಯ ಆರಂಭದಲ್ಲಿ ಮಿಶನ್ನಿನವರ ಕೈಯೂ ಹೆಂಗಸರ ಕೈಯೂ ಸೇರಿರುವುದನ್ನು ಕಾಣಬಹುದು.

"ಆದರೂ ಹಿಂದಿನ ಮಹನೀಯರು ಯಾವ ಕಾಲೇಜಿಗೆ ಹೋಗಿದ್ದರು?" ಎಂದು ಕೆಲವರು ಕೇಳುವರು. ಪಂಡಿತಾ ರಮಾಬಾಯಿಯವರನ್ನೇ ನೆನಪಿಗೆ ತಂದುಕೊಳ್ಳೋಣ. ಆಕೆ 1858ರಲ್ಲಿ ನಮ್ಮ ಪಶ್ಚಿಮಘಟ್ಟಗಳ ಗಂಗಾಮೂಲದ ಅರಣ್ಯದಲ್ಲಿ ಹುಟ್ಟಿದವರು. ವಿಧವೆಯರ ಕಷ್ಟ ಆಕೆಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ, ತಾನೇ ಅನುಭವಿಸಿದ್ದರು. ಹಾಗಿದ್ದರೂ 1889ರಲ್ಲಿ ಶಾರದಾಸದನವನ್ನು ತೆರೆಯುವುದಕ್ಕೆ ಮುಂಚೆ ಆಕೆ ಇಂಗ್ಲೆಂಡಿನಲ್ಲಿಯೂ ಅಮೇರಿಕದಲ್ಲಿಯೂ ವರುಷಗಟ್ಟಲೆ ಕಲಿತರು. ಚಿಕ್ಕ ಮಕ್ಕಳಿಗೆ ಕಲಿಸುವ ಕಿಂಡರ್‌ಗಾರ್ಟನ್ ಪದ್ಧತಿಯನ್ನು ಅಭ್ಯಾಸಮಾಡಿ ಬಂದರು. 1896-97ರ ಕ್ಷಾಮಕಾಲದಲ್ಲಿ ನೂರಾರು ಹೆಣ್ಣುಮಕ್ಕಳನ್ನು ಕೇಡಗಾಂವಿಗೆ ಕರಕೊಂಡು ಬಂದಾಗ ಅವರಿಗೆ ಊಟಬಟ್ಟೆ ಕೊಟ್ಟಷ್ಟರಿಂದಲೇ ತೃಪ್ತಿಪಡಲಿಲ್ಲ. ಬೇಸಾಯ, ನೇಯ್ಗೆ, ಅಚ್ಚಿನ ಕೆಲಸ ಮೊದಲಾದವುಗಳನ್ನು ಕಲಿಸಿದರು. ನಮ್ಮ ಜಿಲ್ಲೆಯಲ್ಲಿ ಬಾಸೆಲ್ ಮಿಶನ್ನಿನವರು ಮುದ್ರಣಾಲಯವನ್ನೂ ನೇಯ್ಗೆಯ ಕಾರ್ಖಾನೆಯನ್ನೂ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದುದಕ್ಕೆ ಒಂದು ಕಾರಣವೂ ಇದೇ: ಜಾತಿಯನ್ನೂ ಕುಲಕಸುಬನ್ನೂ ಕಳಕೊಂಡವರಿಗೆ ಭಿಕ್ಷೆಗಿಂತ ಕೆಲಸವೇ ಹೆಚ್ಚು ಅವಶ್ಯವೆಂದು ಅವರು ಕಂಡುಕೊಂಡರು. ಹಿಂದಿನವರು ಕಾಲೇಜಿಗೆ ಹೋಗದೆ ಇದ್ದಿರಬಹುದು, ಕಲಿಯದೆ ಇದ್ದವರಲ್ಲ.

ಇನ್ನು ಕ್ಷೇತ್ರಕಾರ್ಯವೆಂದರೇನೆಂಬದನ್ನು ಹೇಳುವೆನು. ವಾರದಲ್ಲಿ ಕೆಲವು ದಿವಸ ತರಗತಿಯಲ್ಲಿ ಪಾಠ. ಸಾಮಾನ್ಯವಾಗಿ ಎರಡು ದಿವಸ ಆಸ್ಪತ್ರೆ, ಮಕ್ಕಳ ಆಶ್ರಮ, ಗ್ರಾಮ ಪಂಚಾಯತು, ಶಾಲೆ, ಕಾರ್ಖಾನೆ ಇವುಗಳಲ್ಲಿ ಯಾವುದಾದರೊಂದರಲ್ಲಿ ಕೆಲಸ. ನಡುವೆ ಕೆಲವು ದಿವಸಗಳ ಗ್ರಾಮಶಿಬಿರ. ಕೊನೆಯಲ್ಲಿ ಸುಮಾರು ಒಂದು ತಿಂಗಳು ಒಂದೇ ಸಂಸ್ಥೆಯಲ್ಲಿ ಪೂರ್ಣಕಾಲದ ಕೆಲಸ. ಪ್ರತಿ ದಿವಸದ ಕೆಲಸವನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಉಪಾಧ್ಯಾಯಿನಿಯೊಬ್ಬರು ವಾರಕ್ಕೊಮ್ಮೆ ಅದನ್ನು ಓದಿ, ವಿದ್ಯಾರ್ಥಿನಿಯನ್ನು ಎದುರಿಗೆ ಕುಳ್ಳಿರಿಸಿಕೊಂಡು, "ಇದನ್ನು ಯಾಕೆ ಕೇಳಿದಿ? ಅದನ್ನು ಯಾಕೆ ಕೇಳಲಿಲ್ಲ?" ಎಂದು ವಿಚಾರಿಸುತ್ತಾರೆ. ಈ ವಾರದ ಅರ್ಧ ಗಂಟೆಯೇ ನಮ್ಮ ವಿದ್ಯೆಯ ತಿರುಳು. ಇದರಿಂದ ಏನು ಪ್ರಯೋಜನವೆಂಬದು ಉದಾಹರಣೆಗಳಿಂದ ಸ್ಪಷ್ಟವಾಗುವುದು. ಜನರ ಹೆಸರನ್ನೂ ಊರನ್ನೂ ಗುರುತು ಹತ್ತುವ ಇತರ ಸಂಗತಿಗಳನ್ನೂ ಹೇಳುವುದಿಲ್ಲ. ಅವರ ಗುಟ್ಟನ್ನು ಕಾಯುವುದು ಈ ಕೆಲಸದ ಮೊದಲನೆಯ ನಿಯಮ.

ಮೊದಲನೆಯದು ಆಸ್ಪತ್ರೆಯಲ್ಲಿ. ಕ್ಷಯರೋಗದಿಂದ ನರಳುತ್ತಿದ್ದ ಒಬ್ಬ ಹೆಂಗಸು ಎರಡು ತಿಂಗಳು ಮಾತ್ರೆ ತಿಂದು, ಕೆಮ್ಮು ಕಡಮೆಯಾದ ಮೇಲೆ ಬರುವುದನ್ನು ನಿಲ್ಲಿಸಿದಳು. ಈ ರೋಗಕ್ಕೆ ಕಡಮೆಯೆಂದರೆ ಆರು ತಿಂಗಳು ಬಿಡದೆ ಔಷಧ ತಿನ್ನಬೇಕು. ನಡುವೆ ಬಿಟ್ಟರೆ ರೋಗವು ಔಷಧಕ್ಕೆ ಬಗ್ಗದಂತೆ ಬಲಿಯುವುದುಂಟು. ಔಷಧವನ್ನು ಸರಕಾರವು ಧರ್ಮಾರ್ಥವಾಗಿಯೇ ಕೊಡುತ್ತದೆ. ಹಾಗಿರಲಾಗಿ ಈಕೆ ಬರದೆ ಇರುವುದು ಅಜ್ಞಾನವೆಂದು ಆಸ್ಪತ್ರೆಯಲ್ಲಿ ಎಲ್ಲರೂ ತಿಳಿದರು. ಆಕೆಯ ಮನೆಗೆ ಹೋಗುವ ಕೆಲಸವನ್ನು ನನಗೆ ವಹಿಸಿದರು. ಆಕೆ ಜಗಲಿಯಲ್ಲಿ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಮೊದಲನೆಯ ಸಾರಿ, "ಬರುತ್ತೇನೆ ಟೀಚರೇ, ಬರುವ ವಾರ ಬರುತ್ತೇನೆ" ಎಂದು ಹೇಳಿ ಕಳುಹಿಸಿದಳು. ಮೂರನೆಯ ಸಾರಿ ಹೋದಾಗ ಸಂಗತಿ ಹೊರಬಿತ್ತು. ರೋಗದ ಸುದ್ದಿ ತಿಳಿದರೆ ಬೀಡಿಯ ಬ್ರಾಂಚಿನವರು ಎಲೆಯನ್ನೂ ಹೊಗೆಸೊಪ್ಪನ್ನೂ ಕೊಡುವುದನ್ನು ನಿಲ್ಲಿಸಿಬಿಡುವರೆಂಬ ಭಯ. ಒಂದು ದಿವಸ ಆಸ್ಪತ್ರೆಗೆ ಬಂದರೆ ಆ ದಿವಸದ ಸಂಪಾದನೆ ಹೋಗುತ್ತದೆಂಬ ಲೆಕ್ಕ. ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆಂದು ಸರಕಾರ ಕೊಡುವ ಹಣ ತನಗೆ ಬರಲೇ ಇಲ್ಲವೆಂಬ ಬೇಸರ. ಈ ಹಣವು 2018ರಿಂದ ತಿಂಗಳಿಗೆ 500 ರೂಪಾಯಿ ಇದ್ದು, 2024ರ ನವಂಬರದಿಂದ 1000 ರೂಪಾಯಿ ಆಗಿದೆ. ಅದು ಬ್ಯಾಂಕಿನ ಖಾತೆಗೆ ನೇರವಾಗಿ ಹೋಗುತ್ತದೆ. ಆಕೆಯ ಆಧಾರ್ ಚೀಟಿಯಲ್ಲಿ ಇದ್ದ ಹೆಸರಿಗೂ ಬ್ಯಾಂಕಿನ ಪುಸ್ತಕದಲ್ಲಿದ್ದ ಹೆಸರಿಗೂ ಒಂದಕ್ಷರದ ವ್ಯತ್ಯಾಸವಿತ್ತು. ಹಣ ಅಲ್ಲಿಯೇ ತಡೆದು ನಿಂತಿತ್ತು.

ಆ ಅಕ್ಷರವನ್ನು ಸರಿಪಡಿಸುವುದಕ್ಕೆ ನಾಲ್ಕು ಸಾರಿ ಅಲೆಯಬೇಕಾಯಿತು. ಮನೆಯ ಸಮೀಪದಲ್ಲಿದ್ದ ಆಶಾ ಕಾರ್ಯಕರ್ತೆಯ ಮೂಲಕ ಮಾತ್ರೆಗಳನ್ನು ತಲಪಿಸುವ ಏರ್ಪಾಡಾಯಿತು. ಆಕೆ ತಿರಿಗಿ ಔಷಧ ತಕ್ಕೊಳ್ಳತೊಡಗಿದಳು. ಇದರಲ್ಲಿ ನಾನು ಕಂಡದ್ದೇನೆಂದರೆ, ರೋಗದ ಭಯಂಕರತೆಯನ್ನು ವರ್ಣಿಸಿ ಬುದ್ಧಿಹೇಳಿದ್ದರೆ ಆಕೆ ತಲೆದೂಗಿ ಮನೆಯಲ್ಲಿಯೇ ಉಳಿಯುತ್ತಿದ್ದಳು. ಆಕೆಯ ಲೆಕ್ಕಾಚಾರ ಆಕೆಯ ಮಟ್ಟಿಗೆ ಸರಿಯಾಗಿಯೇ ಇತ್ತು. ಆ ಲೆಕ್ಕದಲ್ಲಿಯ ಅಂಕೆಗಳನ್ನು ಬದಲಾಯಿಸುವುದು ನಮ್ಮ ಕೆಲಸವಾಗಿತ್ತು.

ಎರಡನೆಯದು ಮಕ್ಕಳ ಆಶ್ರಮದಲ್ಲಿ. ರೈಲು ನಿಲ್ದಾಣದಲ್ಲಿ ಒಬ್ಬನೇ ಸಿಕ್ಕಿದ ಒಬ್ಬ ಚಿಕ್ಕ ಹುಡುಗನನ್ನು ಅಲ್ಲಿಗೆ ತಂದಿದ್ದರು. 2015ರ ಬಾಲನ್ಯಾಯ ಕಾನೂನಿನಂತೆ ಇಂಥ ಮಗುವನ್ನು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅನಂತರ ಮಗುವಿನ ಹಿನ್ನೆಲೆಯನ್ನು ವಿಚಾರಿಸಿ ವರದಿ ಸಿದ್ಧಪಡಿಸಬೇಕು. ಆ ವರದಿಯನ್ನು ನೋಡಿ ಸಮಿತಿಯವರು ಮಗುವಿನ ಮುಂದಿನ ಗತಿಯನ್ನು ನಿರ್ಣಯಿಸುತ್ತಾರೆ. ಹುಡುಗನ ಹೆಸರಿನ ಮುಂದೆ ಪುಸ್ತಕದಲ್ಲಿ, "ಮನೆಬಿಟ್ಟು ಓಡಿಬಂದವನು" ಎಂದು ಬರೆದಿತ್ತು. ಕೇಳಿದರೆ ಅವನು ಒಂದೊಂದು ದಿವಸ ಒಂದೊಂದು ಊರಿನ ಹೆಸರು ಹೇಳುತ್ತಿದ್ದನು. ಸುಳ್ಳುಗಾರನೆಂಬ ಹೆಸರು ಬಂದಿತ್ತು. ನನ್ನ ಮೇಲ್ವಿಚಾರಕಿಯವರು ನನಗೆ ಒಂದು ಕ್ರಮವನ್ನು ಹೇಳಿಕೊಟ್ಟರು. ದಾಖಲೆಯ ಹಾಳೆಯನ್ನು ಮೂರು ಪಾಲು ಮಾಡಿ, ಕಣ್ಣಾರೆ ಕಂಡದ್ದನ್ನು ಒಂದರಲ್ಲಿ, ಮತ್ತೊಬ್ಬರು ಹೇಳಿ ಕೇಳಿದ್ದನ್ನು ಇನ್ನೊಂದರಲ್ಲಿ, ನನಗೆ ತೋಚಿದ್ದನ್ನು ಮೂರನೆಯದರಲ್ಲಿ ಬರೆಯಬೇಕು; ಒಂದನ್ನು ಇನ್ನೊಂದರಲ್ಲಿ ಸೇರಿಸಕೂಡದು. ಹಾಗೆ ಬರೆದು ನೋಡಿದಾಗ, "ಓಡಿಬಂದವನು" ಎಂಬ ಮಾತು ಯಾರೂ ಕಂಡದ್ದೂ ಅಲ್ಲ, ಹುಡುಗನು ಹೇಳಿದ್ದೂ ಅಲ್ಲ, ಯಾರದೋ ಊಹೆಯೆಂದು ತಿಳಿದುಬಂತು.

ಅವನೊಂದಿಗೆ ಗೋಲಿಯಾಡುತ್ತಾ ಚಿತ್ರ ಬರೆಯುತ್ತಾ ಕೆಲವು ವಾರ ಕಳೆದ ಮೇಲೆ ಅವನು ಹೇಳಿದ ಊರುಗಳೆಲ್ಲವೂ ನಿಜವಾದ ಊರುಗಳೇ ಎಂದು ಗೊತ್ತಾಯಿತು. ತಾಯಿ ಕಟ್ಟಡದ ಕೆಲಸಕ್ಕೆಂದು ಊರಿಂದೂರಿಗೆ ಹೋಗುತ್ತಿದ್ದಳು. ಅವನನ್ನು ಸಂಬಂಧಿಕರಲ್ಲಿ ಬಿಟ್ಟಿದ್ದಳು. ಅವನು ಹೇಳುತ್ತಿದ್ದದ್ದು ತಾಯಿ ಇದ್ದಿರಬಹುದಾದ ಊರುಗಳ ಹೆಸರು. ಅವನು ಮನೆಯನ್ನು ಬಿಟ್ಟು ಓಡಿದವನಲ್ಲ, ತಾಯಿಯನ್ನು ಹುಡುಕುತ್ತಾ ಹೊರಟವನು. ವರದಿಯಲ್ಲಿ ಈ ಒಂದು ವಾಕ್ಯ ಬದಲಾದುದರಿಂದ ಸಮಿತಿಯವರು ಕೇಳಿದ ಪ್ರಶ್ನೆಯೂ ಬದಲಾಯಿತು. ಇವನನ್ನು ಎಲ್ಲಿ ಇರಿಸಬೇಕೆಂಬ ವಿಚಾರಕ್ಕೆ ಮುಂಚೆ ತಾಯಿಯನ್ನು ಹುಡುಕಿಸುವ ಆಜ್ಞೆಯಾಯಿತು. ನನ್ನ ಅವಧಿ ಮುಗಿಯುವಷ್ಟರಲ್ಲಿ ಆಕೆ ಸಿಕ್ಕಿರಲಿಲ್ಲ. ನನ್ನ ತರುವಾಯ ಬಂದ ವಿದ್ಯಾರ್ಥಿನಿಗೆ ಆ ದಾಖಲೆಯನ್ನು ಒಪ್ಪಿಸಿ ಬಂದೆನು.

ಮೂರನೆಯದು ಗ್ರಾಮಶಿಬಿರದಲ್ಲಿ. ಏಳನೆಯ ತರಗತಿಯಾದ ಮೇಲೆ ಹೆಣ್ಣುಮಕ್ಕಳು ಶಾಲೆ ಬಿಡುತ್ತಿದ್ದ ಒಂದು ಹಳ್ಳಿಯಲ್ಲಿ, "ಹೆತ್ತವರಿಗೆ ವಿದ್ಯೆಯ ಬೆಲೆ ತಿಳಿಯದು, ನೀವು ಒಂದು ನಾಟಕವಾಡಿ ತಿಳಿಸಿರಿ" ಎಂದು ನಮಗೆ ಹೇಳಿದರು. ನಾಟಕವಾಡುವುದಕ್ಕೆ ಮುಂಚೆ ಮನೆಮನೆಗೆ ಹೋದೆವು. ಹೈಸ್ಕೂಲು ದೂರ, ಸಂಜೆ ಶಾಲೆ ಬಿಡುವುದಕ್ಕೆ ಸ್ವಲ್ಪ ಮುಂಚೆ ಒಂದು ಬಸ್ಸು ಹೋಗಿಬಿಡುವುದು, ಮುಂದಿನದು ಕತ್ತಲಾದ ಮೇಲೆ. 2023ರ ಜೂನಿನಿಂದ ನಮ್ಮ ರಾಜ್ಯದ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೀಟಿಲ್ಲವೆಂಬದು ನಿಜ. ಆದರೆ ಕರಾವಳಿಯ ಎಷ್ಟೋ ದಾರಿಗಳಂತೆ ಆ ದಾರಿಯಲ್ಲಿಯೂ ಓಡಾಡುವವು ಖಾಸಗಿ ಬಸ್ಸುಗಳೇ. ಹೆತ್ತವರಿಗೆ ವಿದ್ಯೆಯ ಬೆಲೆ ಚೆನ್ನಾಗಿ ತಿಳಿದಿತ್ತು. ಬಸ್ಸಿನ ವೇಳೆಯೂ ತಿಳಿದಿತ್ತು. ನಾವು ನಾಟಕವನ್ನು ಬಿಟ್ಟು, ಎಷ್ಟು ಮನೆಯ ಎಷ್ಟು ಹುಡುಗಿಯರೆಂಬ ಪಟ್ಟಿಯನ್ನು ಮಾಡಿ, ತಾಯಂದಿರ ಸಹಿಯೊಂದಿಗೆ ಗ್ರಾಮಸಭೆಯ ಮುಂದೆ ಇಡಿಸಿದೆವು. ಶಿಬಿರ ಮುಗಿದ ದಿವಸ ಬಸ್ಸಿನ ವೇಳೆ ಬದಲಾಗಿರಲಿಲ್ಲ. ಅರ್ಜಿಯ ನಕಲು ಮಾತ್ರ ತಾಯಂದಿರ ಕೈಯಲ್ಲಿ ಉಳಿದಿತ್ತು. ಅದರ ಬೆನ್ನು ಹತ್ತಿ ಹೋಗುವ ಹಕ್ಕು ತಮಗುಂಟೆಂದು ಅವರು ಅರಿತದ್ದನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ.

ಇಂಥ ಕಲಿಕೆಯು ಎಲ್ಲ ವಿದ್ಯಾರ್ಥಿನಿಯರಿಗೂ ದೊರೆಯುತ್ತದೆಯೋ ಎಂದರೆ ಇಲ್ಲವೆಂದೇ ಹೇಳಬೇಕು. ಕೆಲವು ಸಂಸ್ಥೆಗಳಲ್ಲಿ ವಿದ್ಯಾರ್ಥಿನಿ ಬಂದಳೆಂದರೆ ಹಳೆಯ ಕಡತಗಳನ್ನು ಜೋಡಿಸುವುದಕ್ಕೂ ಲಕೋಟೆಗಳ ಮೇಲೆ ವಿಳಾಸ ಬರೆಯುವುದಕ್ಕೂ ಸಭೆಗೆ ಕುರ್ಚಿ ಹಾಕುವುದಕ್ಕೂ ಒಂದು ಕೈ ಸಿಕ್ಕಿತೆಂದು ತಿಳಿಯುತ್ತಾರೆ. ದಾನಿಗಳಿಗೆ ಕಳುಹಿಸಲಿಕ್ಕೆಂದು ಬಡವರ ಮನೆಯ ಫೋಟೋ ತೆಗೆದು ತರುವಂತೆ ಹೇಳುವವರೂ ಉಂಟು. ನನ್ನ ಜೊತೆಗಾರ್ತಿಯರಲ್ಲಿ ಒಬ್ಬಳು ಒಂದು ಅವಧಿಯನ್ನೆಲ್ಲಾ ಹೀಗೆಯೇ ಕಳೆದಳು. ಒಂದು ಮನೆಯ ಹೊಸ್ತಿಲನ್ನೂ ಆಕೆ ತುಳಿಯಲಿಲ್ಲ. ಅಂಥವಳಿಗೂ ಕೊನೆಯಲ್ಲಿ ಪ್ರಮಾಣಪತ್ರವು ಸಿಕ್ಕುತ್ತದೆ. ನಾಳೆ ಆಕೆಯ ಕೈಯಲ್ಲಿ ಒಂದು ಮಗುವಿನ ವರದಿಯನ್ನು ಬರೆಯಿಸುತ್ತಾರೆ. ಹೊಲಿಗೆ ತಿಳಿಯದವಳಿಗೆ ಬಟ್ಟೆ ಕೊಟ್ಟರೆ ಹಾಳಾಗುವುದು ಬಟ್ಟೆ. ಇಲ್ಲಿ ಹಾಳಾಗುವುದು ಬೇರೆಯವರ ಬಾಳು. ಆದುದರಿಂದ ವಿದ್ಯಾರ್ಥಿನಿಯನ್ನು ತಕ್ಕೊಳ್ಳುವ ಪ್ರತಿಯೊಂದು ಸಂಸ್ಥೆಯೂ ಆಕೆಗೆ ಒಂದೆರಡು ಕುಟುಂಬಗಳ ಹೊಣೆಯನ್ನಾದರೂ ಒಪ್ಪಿಸಬೇಕು. ಅನುಭವಸ್ಥರೊಬ್ಬರು ಆಕೆಯ ದಾಖಲೆಯನ್ನು ವಾರಕ್ಕೊಮ್ಮೆ ಓದಬೇಕು. ಇದು ಸಾಧ್ಯವಿಲ್ಲದಿದ್ದರೆ ಆಕೆಯನ್ನು ತಕ್ಕೊಳ್ಳದೆ ಇರುವುದೇ ಒಳ್ಳೇದು.

ದಾಖಲೆಯ ಭಾಷೆಯ ವಿಷಯವಾಗಿಯೂ ಒಂದು ಮಾತು ಹೇಳಲಿಕ್ಕುಂಟು. ನಮ್ಮ ಜಿಲ್ಲೆಯಲ್ಲಿ ಹೆಂಗಸರು ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ತಮ್ಮ ಕಷ್ಟವನ್ನು ಹೇಳುತ್ತಾರೆ, ನಾವು ಕನ್ನಡದಲ್ಲಿ ಯೋಚಿಸುತ್ತೇವೆ, ಇಂಗ್ಲಿಷಿನಲ್ಲಿ ಬರೆಯುತ್ತೇವೆ. ಎರಡು ಹೊಳೆ ದಾಟುವಷ್ಟರಲ್ಲಿ ಹೊರೆಯಲ್ಲಿದ್ದದ್ದು ಅರ್ಧ ಚೆಲ್ಲಿಹೋಗುತ್ತದೆ. ಇಂಗ್ಲಿಷನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ನಮ್ಮ ಪುಸ್ತಕಗಳೂ ಕಾನೂನಿನ ಗ್ರಂಥಗಳೂ ಹೆಚ್ಚಾಗಿ ಅದರಲ್ಲಿಯೇ ಇರುವುವು. ಆದರೆ ಹೇಳಿದವಳ ಮಾತನ್ನು ಆಕೆಯ ಭಾಷೆಯಲ್ಲಿಯೇ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುವುದಕ್ಕೆ ವಿದ್ಯಾಲಯಗಳು ಒಪ್ಪಬೇಕು. ಆಕೆಯ ಮುಂದೆ ಓದಿಹೇಳಿ, "ನೀವು ಹೇಳಿದ್ದು ಇದೇಯೋ ಅಕ್ಕಾ?" ಎಂದು ಕೇಳಬಹುದಾದ ದಾಖಲೆಯೇ ನಂಬತಕ್ಕ ದಾಖಲೆ.

ಇನ್ನು ಹೊಟ್ಟೆಯ ಪ್ರಶ್ನೆ. ಇದನ್ನು ನಾಚಿಕೆಯಿಲ್ಲದೆ ಮಾತಾಡುವುದು ಅವಶ್ಯ. ಸೇವೆಯೆಂದ ಮೇಲೆ ಸಂಬಳವನ್ನು ಕೇಳುವುದು ತಕ್ಕದ್ದಲ್ಲವೆಂಬ ಭಾವನೆ ನಮ್ಮ ಧಾರ್ಮಿಕ ಸಂಸ್ಥೆಗಳಲ್ಲಿಯೂ ಸರಕಾರದ ಯೋಜನೆಗಳಲ್ಲಿಯೂ ಅಡಗಿರುವುದು. ಎಷ್ಟೋ ಹುದ್ದೆಗಳು ಗುತ್ತಿಗೆಯವು; ವರುಷಕ್ಕೊಮ್ಮೆ ಮುಂದುವರಿಯುವುದೋ ಇಲ್ಲವೋ ಎಂದು ಕಾದುಕೊಂಡಿರಬೇಕು. ಇದರ ಫಲವೇನೆಂದರೆ, ಮನೆಯಲ್ಲಿ ಅನುಕೂಲವಿದ್ದ ಹುಡುಗಿಯರು ಮಾತ್ರ ಈ ಕೆಲಸದಲ್ಲಿ ಉಳಿಯುತ್ತಾರೆ. ಬಡತನವನ್ನು ಒಳಗಿನಿಂದ ಬಲ್ಲವರು, ಜನರ ಮಾತು ಬೇಗ ಅರ್ಥವಾಗತಕ್ಕವರು, ಬೇರೆ ಉದ್ಯೋಗಕ್ಕೆ ಹೋಗಿಬಿಡುತ್ತಾರೆ. ಕ್ಷೇತ್ರಕಾರ್ಯದ ಕಾಲದಲ್ಲಿಯೇ ಇದು ಆರಂಭವಾಗುವುದು. ವಾರಕ್ಕೆ ಎರಡು ದಿವಸದ ಬಸ್ಸಿನ ಖರ್ಚನ್ನೂ ಮಧ್ಯಾಹ್ನದ ಊಟವನ್ನೂ ವಿದ್ಯಾರ್ಥಿನಿಯೇ ಹೊರಬೇಕಾಗುತ್ತದೆ. ಆಕೆಯ ದುಡಿಮೆಯಿಂದ ಪ್ರಯೋಜನ ಹೊಂದುವ ಸಂಸ್ಥೆಯು ಇಷ್ಟನ್ನಾದರೂ ಕೊಡುವುದು ನ್ಯಾಯ. ನಮ್ಮ ಸಭೆಗಳೂ ಮಿಶನ್ ಆಸ್ಪತ್ರೆಗಳೂ ಆಶ್ರಮಗಳೂ ಈ ವಿಷಯದಲ್ಲಿ ಮುಂದಾಗಿ ದಾರಿ ತೋರಿಸಬೇಕೆಂದು ನಾನು ವಿನಯದಿಂದ ಬಿನ್ನವಿಸುತ್ತೇನೆ. ತ್ಯಾಗವು ತಾನಾಗಿ ಕೊಡತಕ್ಕದ್ದು. ಮತ್ತೊಬ್ಬರ ಸಂಬಳದಿಂದ ಕಡಿದುಕೊಳ್ಳತಕ್ಕದ್ದಲ್ಲ.

ಹಾಗೆಂದು ಈ ಮಾರ್ಗದಲ್ಲಿ ಬಾಗಿಲುಗಳೇ ಇಲ್ಲವೆಂದು ಯಾರೂ ತಿಳಿಯಬಾರದು. 1946ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಆರಂಭವಾದ ವೈದ್ಯಕೀಯ ಸಮಾಜಕಾರ್ಯವು ಈಗ ಅನೇಕ ದೊಡ್ಡ ಆಸ್ಪತ್ರೆಗಳಲ್ಲಿ ಇದೆ. ಮನೋರೋಗಗಳ ಚಿಕಿತ್ಸೆಯಲ್ಲಿ ಇದು ವಿಶೇಷ ವಿದ್ಯೆಯಾಗಿದ್ದು, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವೇ ಉಂಟು. ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆಗೆ ಇಬ್ಬರು ಸಮಾಜಕಾರ್ಯಕರ್ತರು ಕುಳಿತುಕೊಳ್ಳುತ್ತಾರೆ. ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಬೇಕೆಂದು ಕಾನೂನೇ ವಿಧಿಸಿದೆ. ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿಯೂ, ಮನೆಯೊಳಗಿನ ಹಿಂಸೆಗೆ ಗುರಿಯಾದ ಹೆಂಗಸರಿಗಾಗಿರುವ ಕೇಂದ್ರಗಳಲ್ಲಿಯೂ ಹುದ್ದೆಗಳಿವೆ. 1948ರ ಕಾರ್ಖಾನೆಗಳ ಕಾನೂನು 500 ಅಥವಾ ಹೆಚ್ಚು ಕೆಲಸಗಾರರಿದ್ದಲ್ಲಿ ಕಲ್ಯಾಣಾಧಿಕಾರಿಗಳನ್ನು ನೇಮಿಸಬೇಕೆಂದು ವಿಧಿಸಿದಂದಿನಿಂದ ಕೈಗಾರಿಕೆಗಳಲ್ಲಿಯೂ ಈ ವಿದ್ಯೆಗೆ ಸ್ಥಾನ ದೊರೆಯಿತು. 2013ರ ಕಂಪೆನಿಗಳ ಕಾನೂನು ದೊಡ್ಡ ಕಂಪೆನಿಗಳ ಲಾಭದಲ್ಲಿ ನೂರಕ್ಕೆ 2 ಪಾಲನ್ನು ಸಮಾಜದ ಕೆಲಸಕ್ಕೆ ವಿನಿಯೋಗಿಸಬೇಕೆಂದು ಹೇಳಿದ ಮೇಲೆ ಅಲ್ಲಿಯೂ ಕೆಲಸಗಳು ಹುಟ್ಟಿವೆ. ಕಾಲೇಜಿನಲ್ಲಿ ಕಲಿಸಬೇಕೆಂಬವರಿಗೆ ನೆಟ್ ಪರೀಕ್ಷೆಯಲ್ಲಿ ಇದೊಂದು ವಿಷಯವಾಗಿರುತ್ತದೆ.

ಈ ಕಡೆಗೆ ಮನಸ್ಸು ಮಾಡುವ ವಿದ್ಯಾರ್ಥಿನಿಯರು ಈಗಿನಿಂದಲೇ ಏನು ಮಾಡಬಹುದು? ಮೊದಲಾಗಿ, ದಿನಚರಿ ಬರೆಯುವ ಅಭ್ಯಾಸವನ್ನು ಇಟ್ಟುಕೊಳ್ಳಿರಿ. ಕಂಡದ್ದನ್ನೂ ಕೇಳಿದ್ದನ್ನೂ ಬೇರೆಬೇರೆಯಾಗಿ ಬರೆಯಿರಿ. ಎರಡನೆಯದಾಗಿ, ನಿಮ್ಮ ಮನೆಯ ರೇಶನ್ ಚೀಟಿ, ಬ್ಯಾಂಕಿನ ಪುಸ್ತಕ, ಪಹಣಿಪತ್ರ ಇವುಗಳನ್ನು ಓದಲು ಕಲಿಯಿರಿ. ತಂದೆಗೆ ಬರುವ ನೋಟೀಸನ್ನು ನೀವೇ ಓದಿ ಅರ್ಥ ಹೇಳಿರಿ. ಬಡವರ ಕಷ್ಟದಲ್ಲಿ ಎಷ್ಟು ಪಾಲು ಕಾಗದದ ಕಷ್ಟವಾಗಿರುವುದೆಂದು ಆಮೇಲೆ ನಿಮಗೆ ತಿಳಿಯುವುದು. ಮೂರನೆಯದಾಗಿ, ನಿಮ್ಮದಲ್ಲದ ಒಂದು ನೆರೆಯ ಭಾಷೆಯನ್ನು ಆಡಲು ಕಲಿಯಿರಿ. ನಾಲ್ಕನೆಯದಾಗಿ, ಅಜ್ಜಿಯ ಮಾತನ್ನು ನಡುವೆ ಬಾಯಿ ಹಾಕದೆ ಕಡೆಯ ತನಕ ಕೇಳಿರಿ. ಕೇಳುವುದು ಕಷ್ಟದ ಕೆಲಸವೆಂದು ಒಂದೇ ದಿವಸದಲ್ಲಿ ಗೊತ್ತಾಗುವುದು. ಐದನೆಯದಾಗಿ, ಗೆಳತಿಯ ಗುಟ್ಟನ್ನು ಕಾಯಿರಿ. ಇವುಗಳಿಗೆ ಕಾಲೇಜು ಬೇಡ, ಹಣವೂ ಬೇಡ.

ತಾಯಿತಂದೆಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಮಗಳು ಈ ವಿದ್ಯೆಯನ್ನು ಕಲಿಯಬೇಕೆಂದು ಕೇಳಿದರೆ, ಅದನ್ನು ದಾನಧರ್ಮವೆಂದು ಹೊಗಳಿ ಬದಿಗಿಡಬೇಡಿರಿ. ಅವಳನ್ನು ಕಳುಹಿಸುವ ವಿದ್ಯಾಲಯದಲ್ಲಿ ಕ್ಷೇತ್ರಕಾರ್ಯ ಹೇಗೆ ನಡೆಯುತ್ತದೆ, ದಾಖಲೆಯನ್ನು ಯಾರು ಓದುತ್ತಾರೆ, ಸಂಜೆ ಎಷ್ಟು ಹೊತ್ತಿಗೆ ಮನೆಗೆ ತಲಪುವಳು, ಮುಗಿಸಿದವರು ಎಲ್ಲಿ ಕೆಲಸದಲ್ಲಿದ್ದಾರೆ ಎಂದು ವಿಚಾರಿಸಿರಿ. ದಾದಿಯರ ಶಾಲೆಗೆ ಕಳುಹಿಸುವಾಗ ನೀವು ಇದನ್ನೆಲ್ಲಾ ಕೇಳಿಯೇ ಕಳುಹಿಸುತ್ತೀರಷ್ಟೇ. ಇದಕ್ಕೂ ಅಷ್ಟೇ ಜಾಗ್ರತೆ ಸಲ್ಲತಕ್ಕದ್ದು. ಹಾಗೆ ನೀವು ಕೇಳಲಾರಂಭಿಸಿದರೆ ವಿದ್ಯಾಲಯಗಳೂ ಸಂಸ್ಥೆಗಳೂ ಉತ್ತರಗಳನ್ನು ಸಿದ್ಧಮಾಡಿಕೊಳ್ಳಲೇ ಬೇಕಾಗುವುದು. ಈ ಶಾಲೆಯಿಂದ ದಾದಿಯರೂ ಉಪಾಧ್ಯಾಯಿನಿಯರೂ ಹೊರಟಿರುವಂತೆ ಇನ್ನು ಮುಂದೆ ಕಲಿತ ಸಮಾಜಕಾರ್ಯಕರ್ತೆಯರೂ ಹೊರಡಲೆಂದು ದೇವರಲ್ಲಿ ಬೇಡುತ್ತೇನೆ.